ಗುಂಡ್ಯದವರೆಗೆ ಸ್ವೆಟರು

ಶಿವರಾತ್ರಿ ಕಳೆದು ಎಂಟು ದಿನ. ಚಳಿ ಶಿವಶಿವಾ ಎಂದು
ಹೊರಟುಹೋದ ಸುದ್ದಿ ಹಾಸನಕ್ಕಿನ್ನೂ ಮುಟ್ಟಿಲ್ಲ.
ಸಾಲಗಾಮೆ ರಸ್ತೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ
ಮಂಚದ ಮೇಲೆ ಬಾಯಿ ತೆರೆದು ಮಲಗಿದೆ ಸೂಟ್‌ಕೇಸು,
ಅದರ ಪಕ್ಕ ಜಯಶೀಲ, ಅವಳ ಪಕ್ಕ
ಮಡಿಸಿಟ್ಟ ಬಟ್ಟೆಯ ಗುಡ್ಡ.
ನಾಳೆ ಐದೂವರೆಯ ಬಸ್ಸು, ಮಂಗಳೂರಿಗೆ.
ನನ್ನ ಹಳೇ ಕ್ಲೀನರು ಸೇಸಪ್ಪನ ಮಗಳ ಮದುವೆ.

ಇಪ್ಪತ್ತಾರು ವರ್ಷ ಆ ಘಾಟಿಯಲ್ಲಿ ಲಾರಿ ಇಳಿಸಿದವನು ನಾನು,
ಇಲ್ಲಿಂದ ಆಲೂಗಡ್ಡೆ, ಅಲ್ಲಿಂದ ಹೆಂಚು, ಗೊಬ್ಬರ, ಮೀನಿನ ಪುಡಿ.
ಹೇಳುವ ಹಕ್ಕು ಇದೆಯಲ್ಲ, ಹೇಳಿದೆ:
ರೇಷ್ಮೆ ಬೇಡ ಕಣೇ, ಮೈಗೆ ಅಂಟಿಕೊಂಡು ಸಾಯಿಸುತ್ತದೆ.
ಆ ಬಿಸಿಲು ನಮ್ಮ ಬಿಸಿಲಿನ ಹಾಗಲ್ಲ.
ನಮ್ಮದು ಎದುರು ನಿಂತು ಹೊಡೆಯುತ್ತದೆ,
ನೆರಳಿಗೆ ಸರಿದರೆ ಬಿಟ್ಟುಬಿಡುತ್ತದೆ.
ಅಲ್ಲಿಯದು ಚಪ್ಪಲಿ ಕಳಚಿ ಮನೆಯೊಳಗೇ ಬರುತ್ತದೆ,
ಸ್ನಾನ ಮುಗಿಸಿದವನ ಬೆನ್ನ ಮೇಲೆ ಕೂತು
ಇನ್ನೊಂದು ಸ್ನಾನ ಮಾಡಿಸುತ್ತದೆ.

ಅವಳು ಹೂಂ ಅಂದಳು.
ಹೂಂ ಅಂದವಳು ನಾನು ಬಾಯಿ ತೆರೆಯುವ ಮೊದಲೇ
ತಿಳಿಬಣ್ಣದ ನೂಲಿನ ಸೀರೆ ಎರಡು ತೆಗೆದಿಟ್ಟಿದ್ದಳು.
ಬನಿಯನ್ನು ನಾಲ್ಕಲ್ಲ, ಎಂಟು. ಪೌಡರ್ ಡಬ್ಬಿ.
ಕರ್ಚೀಫು ಸಾಲದೆಂದು ಹಿಂಡಲು ಬರುವ ತೆಳು ಟವೆಲು.
ನನ್ನ ನೀಲಿ ಅಂಗಿ ಎತ್ತಿ ಪಕ್ಕಕ್ಕಿಟ್ಟಳು:
‘ಇದು ಅಲ್ಲಿಗಾಗಲ್ಲ. ಬಿಳೀದೇ ಇರಲಿ.
ನೀಲಿ ಮೇಲೆ ಉಪ್ಪು ಕಾಣ್ತದೆ.’

ಯಾವ ಉಪ್ಪು? ನಿನಗೆ ಹೇಗೆ ಗೊತ್ತು?
ದೋಣಿಗಾಲಿನ ಆಚೆ ಇಳಿದವಳಲ್ಲವಲ್ಲ ನೀನು!

ತಲೆ ಎತ್ತಲಿಲ್ಲ. ಝಿಪ್ಪಿನ ಹಲ್ಲಿಗೆ ಮೇಣದಬತ್ತಿ ತಿಕ್ಕುತ್ತ
‘ಇಪ್ಪತ್ತಾರು ವರ್ಷ ಒಗೆದಿದ್ದೀನಿ ಆ ಊರನ್ನ’ ಅಂದಳು.
‘ಬೆನ್ನ ಮೇಲೆ ಬೆಳ್ಳಗೆ ಗೆರೆ ಬರೋದು,
ಕೆರೆ ಬತ್ತಿದ ಹಾಗೆ, ಸುತ್ತು ಸುತ್ತು.
ಎರಡಿದ್ರೆ ಹೋಗಿ ಬಂದದ್ದು. ನಾಲ್ಕಿದ್ರೆ ಲೋಡಿಗೆ ಕಾದದ್ದು.
ಮೊಣಕೈಗೆ ಗ್ರೀಸಿದ್ರೆ ಘಾಟಿಯಲ್ಲಿ ಕೆಟ್ಟು ನಿಂತದ್ದು.
ಮೀನಿನ ವಾಸನೆಗೆ ಹುಣಸೆ ನೀರು, ಅತ್ತೆಗೆ ಗೊತ್ತಾಗದ ಹಾಗೆ.
ಒಂದ್ಸಲ ಜೇಬಲ್ಲಿ ಮರಳು. ಒಂದು ಹಿಡಿ.
ಕೇಳಿದ್ರೆ ಸಿಮೆಂಟು ಲೋಡಿಂದು ಅಂದ್ರಿ.’

ಶೇವಿಂಗ್ ಸೆಟ್ಟು ಹುಡುಕುವ ನೆಪದಲ್ಲಿ ನಾನು ಎದ್ದೆ.

ಸಿಮೆಂಟಲ್ಲ. ಪಣಂಬೂರು. ಬಂದರಿನ ಗೇಟಿನ ಹೊರಗೆ
ಮೂರು ದಿನ ಸಾಲಿನಲ್ಲಿ ನಿಂತಿತ್ತು ಗಾಡಿ,
ಮೂರನೆಯ ಸಂಜೆ ಸೇಸಪ್ಪ ಎಳೆದುಕೊಂಡು ಹೋದ.
ಪ್ಯಾಂಟು ಮಡಿಸಿ ನಿಂತು, ಅಷ್ಟು ನೀರು,
ಅಷ್ಟೊಂದು ನೀರು ಕಂಡು, ಹುಚ್ಚನ ಹಾಗೆ ನಕ್ಕಿದ್ದೆ.
ಮನೆಗೆ ಬಂದರೆ ಇಲ್ಲಿ ನಲ್ಲಿ ಒಣಗಿ ಐದು ದಿನ.
ಇವಳು ಬಿಂದಿಗೆ ಹೊತ್ತು ಆಗ ತಾನೆ ಮೆಟ್ಟಿಲು ಹತ್ತುತ್ತಿದ್ದಳು.
ಹೇಳಲು ಬಾಯಿ ಬರಲಿಲ್ಲ.
ಈಗಲೂ.

ಕೊನೆಗೆ ಬಟ್ಟೆ ಸೋಪಿನ ಬಾರು ತಂದು
ಚಾಕುವಿನಲ್ಲಿ ಅರ್ಧ ಕೊಯ್ದು, ಪೇಪರು ಸುತ್ತಿ, ಮೂಲೆಗೆ ತುರುಕಿದಳು.
ಎರಡು ದಿನದ ಮದುವೆಗೆ ಸೋಪೇಕೆ ಎಂದರೆ
‘ಅಲ್ಲೇ ಒಗೆದು ಬರೋಣ. ಆ ಊರ ಉಪ್ಪು ಆ ಊರಿಗೇ.’

ಸ್ವೆಟರು ಮಾತ್ರ ಒಳಗೆ ಹಾಕಲಿಲ್ಲ, ಕುರ್ಚಿಗೆ ತೊಡಿಸಿದಳು.
‘ಎಲ್ಲಿ ಬಿಚ್ಚಬೇಕು?’
ಬೆಳಗಿನಿಂದ ನನ್ನನ್ನು ಕೇಳಿದ ಒಂದೇ ಪ್ರಶ್ನೆ.

ಗುಂಡ್ಯ, ಅಂದೆ. ಮಾರನಹಳ್ಳಿ ದಾಟಿ
ಇಳಿದು ಇಳಿದು ಇಳಿದು ಒಮ್ಮೆ ಕಿವಿ ಕಟ್ಟಿ ಬಿಡುತ್ತದೆ.
ಆಮೇಲೆ ಕಿಟಕಿಯ ಗಾಳಿ, ಯಾರೋ ಮುಖದ ಹತ್ತಿರ
ಬಾಯಿ ತಂದು ಉಸಿರು ಬಿಟ್ಟ ಹಾಗೆ.
ಅಲ್ಲಿ ಬಿಚ್ಚು.

‘ನಿದ್ದೆ ಬಂದಿದ್ರೆ?’

ಎಬ್ಬಿಸ್ತೀನಿ.
ಆ ರಸ್ತೆಯಲ್ಲಿ ನಾನು ಯಾವತ್ತೂ ನಿದ್ದೆ ಮಾಡಿದವನಲ್ಲ.